ಹದಿನಾಲ್ಕನೇ ಕೈ

ನನಗೆ ಐವತ್ನಾಲ್ಕು ವರ್ಷ. ಪುರಸಭೆಯ ಬೋರ್ ಮೆಷಿನ್ನಿಗೆ ನಾನೇ ಮೇಸ್ತ್ರಿ. ಕೈಕೆಳಗೆ ನಾಲ್ಕು ಜನ ಇದ್ದಾರೆ, ನನ್ನ ಕೆಮ್ಮು ಕೇಳಿದರೆ ಸಾಕು ಬೀಡಿ ಆರಿಸುತ್ತಾರೆ. ಆದರೆ ಅಕ್ಕನಿಗೆ ನಾನಿನ್ನೂ ಪುಟ್ಟ. ಆಫೀಸಿಗೆ ಫೋನ್ ಮಾಡಿ "ಪುಟ್ಟ ಇದಾನಾ?" ಅಂತ ಕೇಳುತ್ತಾಳೆ, ಗುಮಾಸ್ತ ನಗು ತಡೆದುಕೊಂಡು ಫೋನ್ ಕೊಡುತ್ತಾನೆ. ಮಳೆ ಶುರುವಾಗುವುದಕ್ಕೆ ಒಂದು ತಿಂಗಳ ಮೊದಲು ಹಾಗೇ ಒಂದು ಫೋನ್ ಬಂತು.

"ಪುಟ್ಟ, ಬಾವೀಲಿ ಬಕೆಟ್ ತಾಗ್ತಿದೆ ಕಣೋ."

"ಎಲ್ಲಿಗೆ ತಾಗ್ತಿದೆ?"

"ಗೋಡೆಗೆ. ರಸ್ತೆ ಕಡೆ ಗೋಡೆಗೆ. ಸರಿಯಾಗಿ ಹದಿನಾಲ್ಕನೇ ಕೈಗೆ ತಾಗುತ್ತೆ. ಇಷ್ಟು ವರ್ಷದಲ್ಲಿ ಒಂದು ದಿನಾನೂ ತಾಗಿರ್ಲಿಲ್ಲ."

ಅಕ್ಕ ಬಾವಿಗೆ ಹಗ್ಗ ಬಿಡುವಾಗ ಕೈ ಎಣಿಸುತ್ತಾಳೆ. ಎಡಗೈ ಬಿಟ್ಟರೆ ಒಂದು, ಬಲಗೈ ಬಿಟ್ಟರೆ ಎರಡು. ನಲವತ್ತು ವರ್ಷದ ಅಭ್ಯಾಸ. ಬೇಸಿಗೆಯಲ್ಲಿ ಹದಿನೆಂಟನೇ ಕೈಗೆ ನೀರು ಸಿಗುತ್ತದೆ, ಮಳೆಗಾಲದಲ್ಲಿ ನಾಲ್ಕಕ್ಕೇ ಸಿಗುತ್ತದೆ. ಪಕ್ಕದಲ್ಲಿ ನಲ್ಲಿ ಇದ್ದರೂ ಕುಡಿಯುವುದಕ್ಕೆ ಬಾವಿಯ ನೀರೇ ಆಗಬೇಕು ಅವಳಿಗೆ.

"ವಯಸ್ಸಾಯ್ತಲ್ಲ ಅಕ್ಕ, ಕೈ ನಡುಗುತ್ತೆ," ಅಂದೆ.

"ನನ್ನ ಕೈ ನಡುಗಿದ್ರೆ ಒಂದೊಂದು ಸಲ ಒಂದೊಂದು ಕಡೆ ತಾಗ್ಬೇಕಿತ್ತು. ಇದು ದಿನಾ ಅಲ್ಲೇ ತಾಗುತ್ತೆ. ನಿಮ್ಮ ಆಫೀಸು ಪುಸ್ತಕದಲ್ಲಿ ಬರ್ಕೋ."

"ಆಯ್ತಾಯ್ತು, ಬರ್ಕೋತೀನಿ."

ಬರೆದುಕೊಳ್ಳಲಿಲ್ಲ. ಮುಂದಿದ್ದ ಟೀ ಆರುತ್ತಿತ್ತು, ಅದನ್ನು ಕುಡಿದೆ.

ಆಮೇಲೆ ಮಳೆ ಹಿಡಿಯಿತು. ಹದಿನೈದು ದಿನ ಸೂರ್ಯನ ಮುಖ ಕಾಣಲಿಲ್ಲ. ಒಂದು ದಿನ ಅಕ್ಕನ ಮನೆಗೆ ಹೋದಾಗ ಬಾವಿ ತುಂಬಿಕೊಂಡಿತ್ತು. "ಏನಕ್ಕ, ಬಕೆಟ್ ಬುದ್ಧಿ ಕಲೀತಾ?" ಅಂತ ರೇಗಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀರೇ ನಾಲ್ಕನೇ ಕೈಗೆ ಬಂದಿದೆ. ಬಕೆಟ್ ಹದಿನಾಲ್ಕಕ್ಕೆ ಹೋಗೋದಾದ್ರೂ ಹೇಗೆ?" ಅಂದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮರುವಾರ ಗುಡ್ಡ ಬಿರಿಯಿತು. ಗುಡ್ಡದ ಇಳಿಜಾರಿನಲ್ಲಿ ಮೂರು ಬೀದಿ, ನಲವತ್ತೊಂದು ಮನೆ. ಅಕ್ಕನದು ಎಲ್ಲಕ್ಕಿಂತ ಮೇಲಿನ ಬೀದಿಯ ಕೊನೆಯ ಮನೆ. ಅವಳ ಹಿತ್ತಲಿನ ಆಚೆ ನೆಲದಲ್ಲಿ ಉದ್ದಕ್ಕೆ ಒಂದು ಬಿರುಕು ಬಂದಿತ್ತು, ನನ್ನ ತೋಳು ಭುಜದವರೆಗೆ ಒಳಗೆ ಹೋಗುವಷ್ಟು. ಬಿರುಕಿನ ಆ ಬದಿಗೊಂದು ಈ ಬದಿಗೊಂದು ಗೂಟ ಹೊಡೆದು, ನಡುವಿನ ದೂರವನ್ನು ಬೆಳಿಗ್ಗೆ ಸಂಜೆ ಅಳೆಯಲು ನಮ್ಮ ಇಂಜಿನಿಯರ್ ಹುಡುಗಿ ನಿಂತಳು. ಆಫೀಸಿನಲ್ಲಿ ಅವಳಿಗೆ ಮಿಲಿಮೀಟರಮ್ಮ ಅಂತಲೇ ಹೆಸರು. ಮೇಜನ್ನು ಗೋಡೆಯಿಂದ ಎಷ್ಟು ದೂರ ಇಟ್ಟಿದ್ದೀರಿ ಅಂತ ಟೇಪು ಹಿಡಿದು ನೋಡುವ ಪೈಕಿ.

"ದಿನಕ್ಕೆ ಮೂವತ್ತೆಂಟು," ಅಂದಳು.

ಮೂವತ್ತೆಂಟು ಮಿಲಿಮೀಟರ್ ಅಂದರೆ ಎರಡು ಬೆರಳಗಲ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಬೀದಿ, ಮನೆ, ಲೈಟು ಕಂಬ, ನೀರಿನ ಟ್ಯಾಂಕು, ಹೂವಿನ ಕುಂಡ ಎಲ್ಲವೂ ಒಟ್ಟಿಗೆ, ಸದ್ದಿಲ್ಲದೆ, ದಿನಕ್ಕೆ ಎರಡು ಬೆರಳು ಕೆಳಗೆ ಹೋಗುತ್ತಿದೆ ಅಂತ ನೆನೆಸಿಕೊಂಡು ನಿಂತ ನೆಲವನ್ನೇ ಕಾಲಿನಿಂದ ಒತ್ತಿ ನೋಡಿದೆ.

ಜನರನ್ನೆಲ್ಲ ಶಾಲೆಗೆ ಸಾಗಿಸಿದರು. ಮುಖ್ಯಾಧಿಕಾರಿ ಖಡಾಖಂಡಿತವಾಗಿ ಹೇಳಿದರು: ಶನಿವಾರದೊಳಗೆ ದಿನಕ್ಕೆ ಐದು ಮಿಲಿಮೀಟರಿಗಿಂತ ಕೆಳಗೆ ಬರಬೇಕು. ಬರದಿದ್ದರೆ ಮೇಲಿನ ಬೀದಿಯ ಹದಿನಾಲ್ಕು ಮನೆಯನ್ನೂ ಕೆಡವಿ, ಗುಡ್ಡದ ತಲೆ ಮೇಲಿನ ಭಾರ ಇಳಿಸಬೇಕು. ತಪ್ಪು ಅನ್ನುವ ಹಾಗಿರಲಿಲ್ಲ. ಮೇಲಿನದು ಬಿದ್ದರೆ ಕೆಳಗಿನ ಎರಡು ಬೀದಿಯನ್ನೂ ಎಳೆದುಕೊಂಡೇ ಬೀಳುತ್ತದೆ.

ಗುಡ್ಡದ ಹೊಟ್ಟೆಯಲ್ಲಿ ನೀರು ತುಂಬಿ ಅದು ಜಾರುತ್ತಿದೆ, ಆ ನೀರನ್ನು ಹೊರಗೆ ತೆಗೆದರೆ ನಿಲ್ಲುತ್ತದೆ. ಕೆಲಸ ಅಷ್ಟೇ. ಕೆಳಗಿನ ರಸ್ತೆಯಲ್ಲಿ ಮೆಷಿನ್ ನಿಲ್ಲಿಸಿ, ಗುಡ್ಡದೊಳಕ್ಕೆ ಅಡ್ಡಲಾಗಿ ತೂತು ಕೊರೆದು, ತೂತಿರುವ ಪೈಪು ತೂರಿಸಬೇಕು. ಭಾನುವಾರ ಸೋಮವಾರ ಎರಡು ದಿನ ಒದ್ದಾಡಿ ನಾಲ್ಕು ತೂತು ಕೊರೆದೆವು. ನಾಲ್ಕರಲ್ಲೂ ಎರಡು ಲೋಟ ಕೆಸರು ಬಂತು. ನನಗೆ ಮೈಯೆಲ್ಲ ಉರಿಯಿತು, ಸುಮ್ಮನೆ ನಿಂತಿದ್ದ ಲಾರಿ ಡ್ರೈವರಿಗೆ ಬೈದೆ.

"ಯಾವ ಆಳದಲ್ಲಿ ಜಾರ್ತಿದೆ ಅಂತ ಗೊತ್ತಾಗ್ಬೇಕು ಮೇಸ್ತ್ರಿ," ಅಂದಳು ಮಿಲಿಮೀಟರಮ್ಮ. "ಅದನ್ನ ನೋಡೋ ಯಂತ್ರ ಬರೋಕೆ ಇನ್ನೂ ಹತ್ತು ದಿನ ಬೇಕಂತೆ. ಅಲ್ಲೀವರೆಗೆ ಮೇಲಿನ ಬಾವಿಗಳಿಗೆ ಪಂಪ್ ಹಾಕೋಣ. ನಿಮ್ಮ ಅಕ್ಕನ ಬಾವಿ ಎಲ್ಲಕ್ಕಿಂತ ಆಳ. ಅಲ್ಲಿಂದ ಶುರು ಮಾಡೋಣ."

ಅಕ್ಕನಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು.

ಮಂಗಳವಾರ ಬೆಳಿಗ್ಗೆ ಹೋದಾಗ ಅವಳು ಅಡುಗೆಮನೆಯಲ್ಲಿ ಒಲೆ ಒರೆಸುತ್ತಿದ್ದಳು. ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗುತ್ತಾಳೆ, ಬೆಳಗಾದರೆ ಪೊಲೀಸಿನವನ ಕಣ್ಣು ತಪ್ಪಿಸಿ ಇಲ್ಲಿಗೆ ಬರುತ್ತಾಳೆ. ಅಡುಗೆಮನೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಅರ್ಧಕ್ಕೆ ನಿಂತಿತ್ತು. ನಾನು ಅಡ್ಡಡ್ಡ ತೂರಿ ಒಳಗೆ ಹೋಗಿ, ಬಾಗಿಲ ಹತ್ತಿರವೇ ನಿಂತು, ಬಾವಿ ಖಾಲಿ ಮಾಡಬೇಕು ಅಂತ ಹೇಳಿದೆ.

"ಒಂದು ದಿನದ ಮಟ್ಟಿಗಾ?" ಅಂದಳು.

"ಇಲ್ಲ ಅಕ್ಕ. ಗುಡ್ಡದ ನೀರು ಇಳಿಸಿದ್ರೆ ಬಾವೀಲಿ ಇನ್ನು ನೀರು ನಿಲ್ಲಲ್ಲ. ನಿಲ್ಲೋಕೂ ಬಿಡಬಾರ್ದು."

ಅಕ್ಕ ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸಿದಳು. ಆ ಬಾವಿಯನ್ನು ಭಾವ ತೋಡಿದ್ದು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸದವರು, ಸಂಜೆ ಬಂದು ಅಂಗಿ ಕಳಚಿಟ್ಟು ಗುಂಡಿಗೆ ಇಳಿಯುತ್ತಿದ್ದರು. ಅಕ್ಕ ಮೇಲೆ ನಿಂತು ಮಣ್ಣು ಎಳೆಯುತ್ತಿದ್ದಳು. ಎರಡು ಬೇಸಿಗೆ ಹಿಡಿಯಿತು. ಭಾವ ಹೋಗಿ ಆರು ವರ್ಷವಾಯಿತು. ಅವರ ಕೈಕೆಲಸ ಅಂತ ಉಳಿದಿರುವುದು ಅದೊಂದೇ.

"ಮನೆ ಉಳಿಯುತ್ತಾ?" ಅಂತ ಕೇಳಿದಳು.

"ಗೊತ್ತಿಲ್ಲ," ಅಂದೆ. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ.

"ಮೊದಲು ಒಂದು ಬಿಂದಿಗೆ ಸೇದ್ಕೋತೀನಿ, ತಡಿ."

ಸೇದಿದಳು. ಬಿಂದಿಗೆ ತುಂಬಿಸಿ, ತಟ್ಟೆ ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿಟ್ಟಳು. ಹಗ್ಗ ಬಿಚ್ಚಿ ಸುತ್ತಿಟ್ಟಳು. ಆಮೇಲೆ, ಪಂಪಿನ ಪೈಪು ಹೊತ್ತು ತಂದಿದ್ದ ನಮ್ಮವರಿಗೆ ದಾರಿ ಬಿಡುತ್ತಾ, "ಹದಿನಾಲ್ಕನೇ ಕೈ ಬಂದಾಗ ನಿಲ್ಸಿ ಒಂದ್ಸಲ ನೋಡ್ರಪ್ಪ," ಅಂದಳು.

ಅವರ ಜೊತೆ ಬಂದಿದ್ದ ಮಿಲಿಮೀಟರಮ್ಮ ತಿರುಗಿ ನೋಡಿದಳು. "ಏನಮ್ಮ ಅದು, ಹದಿನಾಲ್ಕನೇ ಕೈ?"

"ಮಳೆಗೆ ಮುಂಚೆ ಬಕೆಟ್ ಅಲ್ಲಿ ತಾಗ್ತಿತ್ತು. ರಸ್ತೆ ಕಡೆ ಗೋಡೆ ಒಳಗೆ ಬಂದ ಹಾಗೆ. ಪುಟ್ಟನಿಗೆ ಹೇಳಿದ್ದೆ. ನಿಮ್ಮ ಪುಸ್ತಕದಲ್ಲಿ ಇರ್ಬೇಕು ನೋಡು."

ಆ ಹುಡುಗಿ ನನ್ನನ್ನು ನೋಡಿದಳು. ನಾನು ಪಂಪಿನ ವೈರು ಬಿಡಿಸುತ್ತಾ ಕೂತೆ. ಅದರಲ್ಲಿ ಗಂಟೇ ಇರಲಿಲ್ಲ.

ಅವಳು ಜೇಬಿನಿಂದ ಟೇಪು ತೆಗೆದು, "ಅಮ್ಮ, ಹಗ್ಗ ಬಿಡೋ ಹಾಗೆ ಒಂದು ಕೈ ಬಿಡಿ," ಅಂದಳು. ಅಕ್ಕ ಬರಿಗಾಳಿಯಲ್ಲಿ ಹಗ್ಗ ಬಿಟ್ಟಳು. ಅರವತ್ತೈದು ಸೆಂಟಿಮೀಟರ್. ಇನ್ನೊಂದು ಸಲ ಬಿಟ್ಟಳು, ಮತ್ತೆ ಅರವತ್ತೈದೇ. ಹತ್ತು ಸಲ ಬಿಟ್ಟರೂ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. "ಹದಿನಾಲ್ಕು ಕೈಗೆ ಒಂಬತ್ತು ಮೀಟರ್ ಹತ್ತು," ಅಂತ ಆ ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡಳು.

ಪಂಪ್ ಹತ್ತು ಗಂಟೆಗೆ ಶುರುವಾಯಿತು. ಮಳೆಯೂ ಒಂದಿಷ್ಟು ಬಿಡುವು ಕೊಟ್ಟಿತ್ತು. ಹನ್ನೆರಡೂವರೆಗೆ ನೀರು ಹತ್ತು ಮೀಟರಿಗೆ ಇಳಿಯಿತು. ಕಟ್ಟೆಯ ಮೇಲೆ ಬಗ್ಗಿ ನೋಡಿದರೆ ಒಳಗೆಲ್ಲ ಕಪ್ಪು, ಏನೂ ಕಾಣುವುದಿಲ್ಲ. ನಮ್ಮ ಟಾರ್ಚು ತೇವಕ್ಕೆ ಕೆಟ್ಟು ಕೂತಿತ್ತು. ಅಕ್ಕ ಒಳಗೆ ಹೋಗಿ ಗೋಡೆಯ ಕನ್ನಡಿ ಬಿಚ್ಚಿ ತಂದಳು. ಮೋಡದ ಸಂದಿಯಿಂದ ಬಿಸಿಲು ಬಿದ್ದಾಗ ಕನ್ನಡಿ ವಾರೆ ಹಿಡಿದಳು. ಬೆಳಕು ಜಾರಿಕೊಂಡು ಬಾವಿಯೊಳಗೆ ಇಳಿಯಿತು.

ಭಾವ ಕಟ್ಟಿದ ಕಲ್ಲಿನ ಸುತ್ತು ಒಂದರ ಕೆಳಗೆ ಒಂದು ನೆಟ್ಟಗೆ ಹೋಗಿತ್ತು. ಬೆಳಕು ಇಳಿಯಿತು, ಇಳಿಯಿತು, ಒಂದು ಕಡೆ ನಿಂತಿತು. ಅಲ್ಲಿಂದ ಕೆಳಗಿನ ಬಾವಿ ಬೇರೆ ಇತ್ತು. ಮೇಲಿನ ಬಾವಿ ಇಡಿಯಾಗಿ ಇಳಿಜಾರಿನತ್ತ, ರಸ್ತೆಯ ಕಡೆಗೆ ಸರಿದಿತ್ತು, ಕೆಳಗಿನದು ಇದ್ದಲ್ಲೇ ಇತ್ತು. ಡಬ್ಬಿಯ ಮೇಲೆ ಮುಚ್ಚಳ ವಾರೆ ಇಟ್ಟ ಹಾಗೆ, ಒಂದು ಗೇಣಿಗೂ ಜಾಸ್ತಿ. ರಸ್ತೆ ಕಡೆ ಕೆಳಗಿನ ಗೋಡೆಯ ಅಂಚು ಮೆಟ್ಟಿಲಿನಂತೆ ಬಾವಿಯೊಳಕ್ಕೆ ಚಾಚಿ ನಿಂತಿತ್ತು. ಅಕ್ಕನ ಬಕೆಟ್ ಬಡಿದದ್ದು ಅದಕ್ಕೆ. ಎರಡರ ನಡುವೆ ಬೆರಳು ದಪ್ಪದ ಬೂದು ಜೇಡಿಯ ಗೆರೆ, ಉಜ್ಜಿದ ಸೋಪಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದರಿಂದ ಸುತ್ತಲೂ ನೀರು ಒಸರುತ್ತಿತ್ತು.

ಮೂವತ್ತು ವರ್ಷ ನೆಲ ಕೊರೆದಿದ್ದೇನೆ ನಾನು, ನೆಲ ಅಂದರೆ ಏನು ಅಂತ ಗೊತ್ತು ಅಂದುಕೊಂಡಿದ್ದೆ. ಅವತ್ತು ಆ ಗೆರೆ ನೋಡಿ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದರ ಮೇಲಿರುವುದೆಲ್ಲ ಹೊರಟಿದೆ. ನಲವತ್ತೊಂದು ಮನೆ, ಈ ಕಟ್ಟೆ, ಕನ್ನಡಿ ಹಿಡಿದ ಅಕ್ಕ, ಬಗ್ಗಿ ನೋಡುತ್ತಿರುವ ನಾನು, ಎಲ್ಲರೂ ಹೊರಟಿದ್ದೇವೆ. ಇಷ್ಟು ದೊಡ್ಡ ಗುಡ್ಡ ಹೊರಡುವ ಮೊದಲು ಅಕ್ಕನ ಕೈಗೆ ಒಂದು ಮಾತು ಹೇಳಿತ್ತು. ಅಕ್ಕ ನನಗೆ ಹೇಳಿದ್ದಳು. ನಾನು ಟೀ ಕುಡಿದಿದ್ದೆ.

ಮಿಲಿಮೀಟರಮ್ಮ ಟೇಪು ಇಳಿಸಿ ನೋಡಿದಳು. ಒಂಬತ್ತು ಮೀಟರ್ ಹನ್ನೆರಡು. ಟೇಪು ಸುತ್ತಿಕೊಂಡು ಅಕ್ಕನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದಳು. ಹಗ್ಗದಿಂದ ದಡ್ಡುಗಟ್ಟಿದ ಅಂಗೈ, ಅಷ್ಟೇ. ಆದರೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು.

"ಅಕ್ಕ, ತಪ್ಪಾಯ್ತು," ಅಂದೆ. "ನಾನು ಬರ್ಕೊಂಡಿರ್ಲಿಲ್ಲ."

"ಗೊತ್ತು," ಅಂದಳು ಅಕ್ಕ. "ನೀನು ಆಯ್ತಾಯ್ತು ಅಂತ ಎರಡು ಸಲ ಅಂದ್ರೆ ಮಾಡಲ್ಲ ಅಂತ ಚಿಕ್ಕಂದಿನಿಂದ ಗೊತ್ತು. ಹೋಗು, ಕೆಲಸ ನೋಡು."

ಲೆಕ್ಕ ಹಾಕಿದರೆ ನಮ್ಮ ನಾಲ್ಕು ತೂತೂ ಆ ಗೆರೆಗಿಂತ ಮೂರು ಮೀಟರ್ ಮೇಲೆ ಹೋಗಿದ್ದವು. ಬುಧವಾರ ಬೆಳಿಗ್ಗೆ ಮೆಷಿನ್ ಕೆಳಗಿಳಿಸಿ ಐದನೆಯದು ಶುರು ಮಾಡಿದೆವು. ಹತ್ತು ರಾಡು ಎಂದಿನಂತೆ ಗೊಣಗುತ್ತಾ ಹೋದವು. ಹನ್ನೊಂದನೆಯದು ಅರ್ಧ ಹೋದಾಗ ಮೆಷಿನ್ನಿನ ಸದ್ದು ಬದಲಾಯಿತು. ರಾಡು ತಾನಾಗಿಯೇ ಒಳಗೆ ಹೋಯಿತು. ನಾನು ಕೈಯೆತ್ತಿ ಎಲ್ಲ ನಿಲ್ಲಿಸಿದೆ. ತೂತಿನೊಳಗಿಂದ ದೊಡ್ಡದೊಂದು ಉಸಿರು ಬಂತು. ಆಮೇಲೆ ನೀರು ಬಂತು.

ಮೊದಲು ಕೆಂಪಗೆ, ಆಮೇಲೆ ಬೂದಿ ಬಣ್ಣಕ್ಕೆ, ಒಂದು ಗಂಟೆ ಕಳೆದ ಮೇಲೆ ತಿಳಿಯಾಗಿ, ನನ್ನ ತೊಡೆ ಗಾತ್ರ ಬಂತು. ನಾಲ್ಕು ಹೆಜ್ಜೆ ದೂರಕ್ಕೆ ಚಿಮ್ಮಿ ಚರಂಡಿಗೆ ಬೀಳುತ್ತಿತ್ತು. ನನ್ನ ಹುಡುಗರು ಬಾಯಿ ಬಿಟ್ಟುಕೊಂಡು ನಿಂತರು, ನಾನೂ ನಿಂತೆ. ಬೈಯುವುದಕ್ಕೆ ಒಂದು ಮಾತೂ ಬಾಯಿಗೆ ಬರಲಿಲ್ಲ.

ಸಂಜೆ ಅಕ್ಕ ಶಾಲೆಯಿಂದ ಇಳಿದು ಬಂದು ನೀರಿಗೆ ಕೈಯೊಡ್ಡಿದಳು. "ಪಾಪ, ಇಷ್ಟೊಂದು ಹೊತ್ಕೊಂಡಿತ್ತಾ," ಅಂದಳು. ಗುಡ್ಡಕ್ಕೆ ಯಾರಾದರೂ ಪಾಪ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶುಕ್ರವಾರಕ್ಕೆ ಹತ್ತು ತೂತು ಆದವು. ಆಮೇಲಿನ ಆರರಲ್ಲೂ ನೀರು ಬಂದಿತ್ತು. ಗುಡ್ಡ ಜಾರುವ ಲೆಕ್ಕ ಗುರುವಾರ ಮೂವತ್ತೊಂದು ಇದ್ದದ್ದು ಶುಕ್ರವಾರ ಹದಿನಾಲ್ಕಾಯಿತು. ಶನಿವಾರ ಬೆಳಿಗ್ಗೆ ಮುಖ್ಯಾಧಿಕಾರಿಗಳು ಗೂಟದ ಹತ್ತಿರ ಬಂದು ನಿಂತರು, ಕೆಡವುವ ಯಂತ್ರ ಬೀದಿಯ ತುದಿಗೆ ಬಂದಾಗಿತ್ತು. ಅಕ್ಕ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮಿಲಿಮೀಟರಮ್ಮ ಒಂದು ಸಲ ಅಳೆದಳು. ಎರಡನೇ ಸಲ ಅಳೆದಳು. ಮೂರನೇ ಸಲ ಅಳೆಯುವಾಗ ನನಗೆ ಅವಳ ಕೈಯಿಂದ ಟೇಪು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು.

"ನಾಲ್ಕು," ಅಂದಳು.

ಅಕ್ಕ ಎದ್ದು ಬಾವಿಯ ಹತ್ತಿರ ಹೋದಳು. ನಾನು ಹಿಂದೆಯೇ ಹೋದೆ. ಹಿಂದಿನ ದಿನವೇ ಪಂಪ್ ಬರಿಗಾಳಿ ಎಳೆಯತೊಡಗಿತ್ತು, ನಿಲ್ಲಿಸಿದ್ದೆವು. ಬಾವಿ ತಳದವರೆಗೆ ಒಣಗಿತ್ತು. ಅಕ್ಕ ಕಟ್ಟೆ ಹಿಡಿದುಕೊಂಡು ಬಗ್ಗಿ ನೋಡಿದಳು. ಅಳಲಿಲ್ಲ. "ಎರಡು ಬೇಸಿಗೆ ತೋಡಿದ್ರು ನಿಮ್ಮ ಭಾವ," ಅಂದಳು, ಅಷ್ಟೇ. ನಾನೇ ಅತ್ತೆ.

ಎರಡು ವಾರ ಕಳೆದು, ಜನ ವಾಪಸು ಬರಬಹುದು ಅನ್ನುವ ಕಾಗದ ಬಂದ ದಿನ ಅಕ್ಕ ನನ್ನನ್ನೂ ಮಿಲಿಮೀಟರಮ್ಮನನ್ನೂ ಅಡುಗೆಮನೆಯಲ್ಲಿ ಕೂರಿಸಿ, ಮೂಲೆಯ ಬಿಂದಿಗೆಯ ತಟ್ಟೆ ತೆಗೆದು, ಮೂರು ಲೋಟಕ್ಕೆ ಬಗ್ಗಿಸಿದಳು. ಕುಡಿದೆವು. ಆ ಹುಡುಗಿ ಲೋಟ ಕೆಳಗಿಟ್ಟು, "ಅಮ್ಮ, ದಿನಾ ಬೆಳಿಗ್ಗೆ ಖಾಲಿ ಬಾವಿಗೆ ಬಕೆಟ್ ಬಿಡ್ತೀರಾ? ಯಂತ್ರಾನೂ ಬಂದಿದೆ. ಆದ್ರೂ ನಿಮ್ಮ ಕೈ ಏನನ್ನುತ್ತೆ ಅಂತ ಗೊತ್ತಿದ್ರೆ ನನಗೆ ಧೈರ್ಯ," ಅಂದಳು. ಅಕ್ಕ ಸುತ್ತಿಟ್ಟಿದ್ದ ಹಗ್ಗವನ್ನು ತೆಗೆದು ಕೊಡವಿದಳು.

ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಫೋನ್ ಬರುತ್ತದೆ. ಗುಮಾಸ್ತ ನಗುವುದನ್ನು ಬಿಟ್ಟಿದ್ದಾನೆ. ನಾನು ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಾ ಕೂತಿರುತ್ತೇನೆ. ಟೀ ಆರಿದರೆ ಆರಲಿ.

"ಪುಟ್ಟ, ಹದಿನಾಲ್ಕನೇ ಕೈಗೆ ತಾಗ್ತು. ನಿನ್ನೆ ತಾಗಿದ ಹಾಗೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಸರಿ ಅಕ್ಕ."

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಓದು, ನೋಡೋಣ," ಅನ್ನುತ್ತಾಳೆ. ನಾನು ಓದುತ್ತೇನೆ.