ಐದು ಪ್ರತಿಯ ಪಟ್ಟಿ

ಎಲ್ಲವೂ ಎಪ್ಪತ್ತೆರಡು ದಿನಗಳಲ್ಲಿ ಮುಗಿಯಿತು. 1990ರ ಜನವರಿ ಎಂಟರಂದು ಸೇನಾ ಶಿಬಿರ ತೆರವು ಮಾಡುವ ಆದೇಶ ಬಂತು. ತಿಂಗಳ ಕೊನೆಯ ಹೊತ್ತಿಗೆ ಭಾರಿ ವಾಹನಗಳು ಹೋದವು. ಫೆಬ್ರವರಿಯಲ್ಲಿ ಮದ್ದುಗುಂಡು, ಜನರೇಟರು, ಮುಳ್ಳುತಂತಿಯ ಸುರುಳಿಗಳು. ಮಾರ್ಚ್ ಮೊದಲ ವಾರದಲ್ಲಿ ಗುಡಾರಗಳು, ಅಡುಗೆಯ ಪಾತ್ರೆಗಳು. ಮಾರ್ಚ್ ಹದಿನೆಂಟರ ಮಧ್ಯಾಹ್ನ, ಹಡಗು ಹತ್ತಬೇಕಾದ ಜನ ಮತ್ತು ಸಾಮಾನಿನ ಅಂತಿಮ ಪಟ್ಟಿ ಐದು ಪ್ರತಿಗಳಲ್ಲಿ ಸಿದ್ಧವಾಗಿ, ಐದಕ್ಕೂ ಮೇಜರ್ ಸಾಹೇಬರ ಸಹಿ ಬಿತ್ತು. ಇಪ್ಪತ್ತರ ಬೆಳಿಗ್ಗೆ ಸ್ಟೋರಿನ ಹವಾಲ್ದಾರ್ ಶಿವಮೂರ್ತಿ ಟ್ರಿಂಕೋಮಲಿ ಬಂದರಿನಲ್ಲಿ ಪಟ್ಟಿ ಹಿಡಿದು ನಿಂತು, ಒಂದೊಂದಕ್ಕೂ ಗುರುತು ಹಾಕಿ, ತನ್ನ ತುಕಡಿಯ ಕೊನೆಯವನಾಗಿ ಹಡಗು ಹತ್ತಿದ. ಭಾರತದ ಸೇನೆ ಶ್ರೀಲಂಕಾಕ್ಕೆ ಹೋಗಿ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆಯಾಗಿತ್ತು. ಹೋದಾಗ ಹಾರ ಹಾಕಿದ್ದ ಜನರೇ, ಹೊರಟಾಗ ಬಾಗಿಲು ಹಾಕಿಕೊಂಡಿದ್ದರು.

ಈ ಕ್ರಮವನ್ನು ಶಿವಮೂರ್ತಿ ಹದಿಮೂರು ವರ್ಷಗಳ ನಂತರ, 2003ರ ನವೆಂಬರ್ ಇಪ್ಪತ್ತಮೂರರ ಭಾನುವಾರ, ನಂಜನಗೂಡಿನ ಬಾಡಿಗೆ ಮನೆಯ ಜಗಲಿಯಲ್ಲಿ ಕುಳಿತು ಮಗಳಿಗೆ ಬರೆಸಿದ. ಕವನ ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಅಮೆರಿಕದ ಸೇನೆ ಇರಾಕಿನಿಂದ ಹೊರಬರುವುದು ಹೇಗೆ ಎಂದು ಟಿ.ವಿ.ಯಲ್ಲಿ ದಿನವೂ ಚರ್ಚೆಯಾಗುತ್ತಿದ್ದ ಕಾಲ ಅದು. ಕಾಲೇಜಿನ ಪ್ರಬಂಧ ಸ್ಪರ್ಧೆಯ ವಿಷಯವೂ ಅದೇ: ತನ್ನನ್ನು ಒಲ್ಲದ ನೆಲದಿಂದ ಒಂದು ದೇಶ ಹೊಣೆಯರಿತು ಹಿಂದಿರುಗುವ ಬಗೆ. ಉಳಿದವರು ಪತ್ರಿಕೆ ನೋಡಿ ಬರೆಯುತ್ತಾರೆ, ನನಗೆ ಅಪ್ಪನೇ ಇದ್ದಾನೆ ಎಂಬ ಹೆಮ್ಮೆ ಅವಳದು. ಮರುದಿನ ಅದನ್ನು ಎಲ್ಲರೆದುರು ಓದಬೇಕಿತ್ತು.

ಪಕ್ಕದಲ್ಲಿ ಚೆಲುವಯ್ಯ ಕುಳಿತಿದ್ದ. ಚಿಕ್ಕಯ್ಯನಛತ್ರದವನು, ಅದೇ ಶಿಬಿರದಲ್ಲಿ ಲಾರಿ ಓಡಿಸಿದವನು. ಈಗ ತಾಂಡ್ಯದ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಅದೇ ಕಾರ್ಖಾನೆಯ ಸ್ಟೋರು ಶಿವಮೂರ್ತಿಯ ಕೈಯಲ್ಲಿತ್ತು.

"ಬರ್ಕೊ ಮಗ, ನಿಮ್ಮಪ್ಪ ಒಂದು ಚಮಚನೂ ಕಳೀನಿಲ್ಲ ಅಂತ ಬರ್ಕೊ," ಎಂದ ಚೆಲುವಯ್ಯ. "ನನ್ ಲಾರಿ ಸ್ಟೆಪ್ನಿ ಪಂಕ್ಚರ್ ಆಗದೆ, ಹಾಕಿಸ್ಕೊಂಡ್ ಬಾ, ಆಮೇಲ್ ಗುರ್ತು ಹಾಕ್ತೀನಿ ಅಂದ್ಬುಟ್ಟ. ಬಿಸ್ಲಲ್ಲಿ ಮೂರು ಗಂಟೆ ನಿಲ್ಲಿಸ್ದ ಕಣವ್ವ! ಸಾಯೋದಾದ್ರೂ ಪಟ್ಟೀಲಿ ಇರೋ ಕ್ರಮದಲ್ಲೇ ಸಾಯ್ಬೇಕು ಅನ್ನೋನು ಇವ್ನು."

"ಸುಮ್ಕಿರ್ಲಾ ಚೆಲುವ."

"ಯಾಕ್ಲಾ, ಒಳ್ಳೇದ್ ಹೇಳುದ್ರೂ ತಪ್ಪಾ?"

ಟೀ ತಂದಿಟ್ಟ ಪುಟ್ಟಲಕ್ಷ್ಮಿ ಗಂಡನ ಕಡೆ ಒಮ್ಮೆ ನೋಡಿ, "ಮನೇಲೂ ಅದೇ ಕಣಣ್ಣ. ಸಕ್ರೆ ಡಬ್ಬದ ಮೇಲೂ ತಾರೀಕು ಬರ್ದು ಮಡಗವ್ರೆ," ಎಂದು ಒಳಗೆ ಹೋದಳು.

ಕವನ ನಗುತ್ತಲೇ ಹಾಳೆ ತಿರುಗಿಸಿದಳು. "ಸಾಮಾನು ಆಯ್ತಪ್ಪ. ಜನ?"

"ನೂರ ಹನ್ನೆರಡು. ಎಲ್ರೂ ಬಂದೊ."

"ನಿಮ್ಮೋರಲ್ಲ. ಅಲ್ಲೀ ಜನ ಕ್ಯಾಂಪಲ್ಲಿ ಕೆಲ್ಸ ಮಾಡ್ತಿದ್ರು ಅಂದ್ಯಲ್ಲ, ಅವ್ರು ಏನಾದ್ರು?"

ಶಿವಮೂರ್ತಿ ಲೋಟ ಕೆಳಗಿಟ್ಟ. ಉತ್ತರ ಕೊಟ್ಟವನು ಚೆಲುವಯ್ಯ. "ಒಂಬತ್ತು ಜನ ಇದ್ರು ಕಣವ್ವ. ನೀರು ತರೋರು, ಬಟ್ಟೆ ಒಗೆಯೋರು, ನಮ್ಗೂ ಅಲ್ಲಿಯೋರ್ಗೂ ಮಧ್ಯ ಮಾತು ತಿಳ್ಸೋ ರಾಸಯ್ಯ. ಬೇರೆ ಕ್ಯಾಂಪಿನೋರು ಕೈ ಬೀಸಿ ಬಂದ್ರು. ನಿಮ್ಮಪ್ಪ ಒಂಬತ್ತು ಜನಕ್ಕೂ ಸೀಲ್ ಒತ್ತಿ ಸರ್ಟಿಫಿಕೇಟ್ ಕೊಟ್ಟ. ಅದ್ನೂ ಬರ್ಕೊ."

ಸರ್ಟಿಫಿಕೇಟಿನ ಯೋಚನೆ ಶಿವಮೂರ್ತಿಗೆ ಬಂದದ್ದು ತನ್ನ ಅಪ್ಪನ ದೆಸೆಯಿಂದ. ಮಹದೇವಯ್ಯ ತಿ. ನರಸೀಪುರದ ಕಡೆ ನಾಲೆಯ ಕೆಲಸದಲ್ಲಿ ಹನ್ನೊಂದು ವರ್ಷ ಮಣ್ಣು ಹೊತ್ತವನು. ಹಳೆಯ ಕೂಲಿಗಳನ್ನು ಕಾಯಂ ಮಾಡುವಾಗ, ದುಡಿದದ್ದಕ್ಕೆ ಚೀಟಿ ಎಲ್ಲಿ ಎಂದು ಕೇಳಿದರು. ಗುತ್ತಿಗೆದಾರ ಚೀಟಿಯನ್ನೇ ಕೊಟ್ಟಿರಲಿಲ್ಲ. ಮಹದೇವಯ್ಯ ದಡ್ಡುಗಟ್ಟಿದ ಅಂಗೈಗಳನ್ನು ತೋರಿಸಿ ಬರಿಗೈಯಲ್ಲಿ ಮನೆಗೆ ಬಂದ. ದುಡಿದವನ ಕೈಗೆ ಕಾಗದ ಸೇರಬೇಕು ಎಂಬುದು ಅಂದಿನಿಂದ ಆ ಮನೆಯ ನೇಮವಾಯಿತು. ಆ ನೇಮದಂತೆಯೇ ಶಿವಮೂರ್ತಿ ಸರ್ಟಿಫಿಕೇಟುಗಳನ್ನು ಟೈಪ್ ಮಾಡಿದ್ದ: ಹೆಸರು, ತಂದೆಯ ಹೆಸರು, ಊರು, ಸೇವೆಯ ಅವಧಿ, ಮಾಡಿದ ಕೆಲಸ. ಒಂದು ತಪ್ಪೂ ಇರಲಿಲ್ಲ.

ಶಿವಮೂರ್ತಿ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದ. 1991ರ ಆಗಸ್ಟಿನಲ್ಲಿ, ತಮಿಳುನಾಡಿನ ಮಂಡಪಂ ನಿರಾಶ್ರಿತರ ಶಿಬಿರದಿಂದ ರಾಸಯ್ಯನ ಹೆಂಡತಿ ಬರೆದದ್ದು. ಸೇನೆಯಲ್ಲಿ ತಮಿಳರ ಜೊತೆಗಿದ್ದು ಆ ಅಕ್ಷರ ಕಲಿತಿದ್ದ ಅವನು ಅದನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದ. ಸೇನೆ ಹೋದ ಮೂರನೆಯ ತಿಂಗಳು ಬಂದೂಕಿನವರು ಭಾರತದ ಸೇನೆಗೆ ದುಡಿದವರಿಗಾಗಿ ಮನೆಮನೆ ಹುಡುಕಿದರು. ಅಕ್ಕಿಯ ಮಡಕೆಯಲ್ಲಿದ್ದ ಸರ್ಟಿಫಿಕೇಟು ಸಿಕ್ಕಿತು. ಊರ ನಾಲ್ಕು ದಾರಿ ಕೂಡುವಲ್ಲಿ ಅದನ್ನು ಗಟ್ಟಿಯಾಗಿ ಓದಿ ರಾಸಯ್ಯನನ್ನು ಕೊಂದರು. ಆ ವಾರ ಇನ್ನೂ ಮೂವರು ಸತ್ತರು. ಮೂವರ ಮನೆಯಲ್ಲೂ ಅದೇ ಕಾಗದವಿತ್ತು. ಕೊನೆಯಲ್ಲಿ ಆಕೆ ಒಂದು ವಿನಂತಿ ಮಾಡಿದ್ದಳು. ಗಂಡ ಭಾರತದವರಿಗೆ ದುಡಿದದ್ದಕ್ಕೆ ಇಲ್ಲಿಯ ಶಿಬಿರದ ಅಧಿಕಾರಿಗಳು ಪುರಾವೆ ಕೇಳುತ್ತಿದ್ದಾರೆ. ಪ್ರತಿ ಇದ್ದರೆ ಕಳುಹಿಸಬೇಕು.

"ಕಳಿಸ್ದ್ಯಾ?" ಎಂದಳು ಕವನ.

"ಇಲ್ಲ. ಕಾರ್ಬನ್ ಪ್ರತಿ ಇತ್ತು. ಅದ್ರಲ್ಲಿ ನನ್ ಸಹಿ ನೋಡೋಕೂ ಆಗ್ನಿಲ್ಲ."

ಚೆಲುವಯ್ಯ ಗೆಳೆಯನ ಮಂಡಿಯ ಮೇಲೆ ಕೈಯಿಟ್ಟು, "ನಿಂಗೇನ್ ಕನಸು ಬಿದ್ದಿತ್ತೇನ್ಲಾ? ಒಳ್ಳೇದಾಗ್ಲಿ ಅಂತ ಕೊಟ್ಟೆ. ಕರ್ಕೊಂಡ್ ಬರೋಕೆ ಮೇಜರ್ ಸಾಹೇಬ್ರೇ ಜಾಗ ಇಲ್ಲ ಅಂದ್ಮೇಲೆ ನೀನೇನ್ ಮಾಡೀಯೆ?" ಎಂದ.

ಕವನ ತಲೆಬಗ್ಗಿಸಿ ಬರೆಯತೊಡಗಿದಳು: ಅಧಿಕಾರಿಗಳು ನಿರಾಕರಿಸಿದ್ದರಿಂದ...

ಆ ಸಾಲನ್ನು ಶಿವಮೂರ್ತಿ ಎದುರಿನಿಂದ ತಲೆಕೆಳಗಾಗಿಯೇ ಓದಿದ. ಅದು ಹಾಗೆಯೇ ಉಳಿದಿದ್ದರೆ ಮಗಳ ಕಣ್ಣಲ್ಲಿ ಅವನು ಕೈಲಾದದ್ದನ್ನು ಮಾಡಿದ ಮನುಷ್ಯನಾಗಿ ಉಳಿಯುತ್ತಿದ್ದ. ಹದಿಮೂರು ವರ್ಷ ಅವನು ಕಾಪಾಡಿಕೊಂಡು ಬಂದಿದ್ದುದು ಅಷ್ಟನ್ನೇ.

"ಅದ ಬರೀಬ್ಯಾಡ ಮಗ," ಎಂದ. "ಸಾಹೇಬ್ರು ಅನ್ನಲಿಲ್ಲ. ನಾನ್ ಕೇಳ್ಲೇ ಇಲ್ಲ."

"ಏನಂದೆ?" ಎಂದ ಚೆಲುವಯ್ಯ.

"ಹದಿನೆಂಟ್ನೇ ತಾರೀಕು ಸಂಜೆ ರಾಸಯ್ಯ ಬಂದ. ಒಂಬತ್ತು ಮನೆ ಹೆಂಡ್ರು ಮಕ್ಳು ಸೇರಿ ಮೂವತ್ತೊಂದು ಜನ ಆಯ್ತೀವಿ, ನಮ್ಮನ್ನೂ ಕರ್ಕೊಂಡ್ ಹೋಗಿ ಅಂತ ಕೈ ಮುಗ್ದ. ಪಟ್ಟಿಗೆ ಆಗ್ಲೇ ಸಹಿ ಆಗಿತ್ತು. ಮೂವತ್ತೊಂದು ಹೆಸ್ರು ಸೇರಿಸ್ಬೇಕು ಅಂದ್ರೆ ಮೂರ್ನೇ ಪುಟದಿಂದ ಐದು ಪ್ರತೀನೂ ಮತ್ತೆ ಟೈಪ್ ಮಾಡ್ಬೇಕು, ಮತ್ತೆ ಸಹಿಗೆ ಹೋಗ್ಬೇಕು. ಅಷ್ಟು ಚೆನ್ನಾಗಿ ಮುಗ್ಸಿದ್ದೆ ಕಣವ್ವ. ಸಾಹೇಬ್ರು ಜಾಗ ಇಲ್ಲ ಅಂದ್ರು ಅಂತ ನಾನೇ ಹೇಳ್ಬುಟ್ಟೆ. ಆಮೇಲೆ ಮನ್ಸು ತಡೀದೆ ಕೂತ್ಕೊಂಡು ಸರ್ಟಿಫಿಕೇಟ್ ಮಾಡ್ದೆ. ಎರಡು ಗಂಟೆ ಆಯ್ತು. ಪಟ್ಟಿ ತಿದ್ದೋಕೆ ಅಷ್ಟೂ ಬೇಕಿರ್ನಿಲ್ಲ."

"ನನ್ ಕುಟೆ ಆದ್ರೂ ಒಂದ್ ಮಾತು ಹೇಳ್ಬಾರ್ದೇನ್ಲಾ," ಎಂದ ಚೆಲುವಯ್ಯ. ಅವನ ದನಿ ಕುಗ್ಗಿತ್ತು. "ಬಂದರಿಗೆ ನನ್ ಲಾರಿ ಖಾಲಿ ಬಂತಲ್ಲೋ."

"ಕೇಳಿದ್ರೆ ಸಾಹೇಬ್ರು ಒಪ್ತಿದ್ರಾ?" ಎಂದಳು ಕವನ.

"ಗೊತ್ತಿಲ್ಲ. ಆಗಲ್ಲ ಅಂತಿದ್ರೇನೋ. ಅದು ಇನ್ ಯಾವತ್ತೂ ಗೊತ್ತಾಗಲ್ಲ."

"ಹಡಗಲ್ಲಿ ಜಾಗ?"

"ನಮಗೆ ಬಿಟ್ಟುಕೊಟ್ಟಿದ್ ಅಂತಸ್ತಲ್ಲಿ ಅರ್ಧ ಖಾಲಿ ಇತ್ತು. ನಾನೇ ಸುತ್ತಾಕ್ಕೊಂಡ್ ಬಂದೆ."

ಚೆಲುವಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ. ಬರ್ತೀನಿ ಎಂದೂ ಹೇಳದೆ ಹೊರಟ. ಕವನ ತಾನು ಆರಂಭಿಸಿದ್ದ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಳು. ಅಪ್ಪನ ಮುಖ ನೋಡದೆ ಕೇಳಿದಳು: "ನಿನ್ ಹೆಸ್ರು ಹಾಕ್ಲಾ?"

"ಹಾಕು."

"ಎಲ್ರ ಮುಂದೆ ಓದ್ಬೇಕಪ್ಪ."

"ಓದು."

ಮರುದಿನ ಅವಳು ಓದಿದ ಪ್ರಬಂಧದ ಕೊನೆಯ ವಾಕ್ಯ ಹೀಗಿತ್ತು: 1990ರ ಮಾರ್ಚ್ ಇಪ್ಪತ್ತರಂದು ಆ ಹಡಗಿನಲ್ಲಿ ಇನ್ನೂ ಮೂವತ್ತೊಂದು ಜನರಿಗೆ ಜಾಗವಿತ್ತು, ಅವರಿಗಾಗಿ ಕೇಳಬೇಕಾಗಿದ್ದ ಹವಾಲ್ದಾರ್ ಶಿವಮೂರ್ತಿ, ನನ್ನ ತಂದೆ, ಕೇಳಲಿಲ್ಲ.