ಅಪ್ಪನ ಹಸಿದ ಹೊಟ್ಟೆಯ ರಕ್ತ

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ, ಕಾವೇರಿ ದಂಡೆಯ ಒಂದು ಹಳ್ಳಿಯಲ್ಲಿ, ಮೈಯೊಳಗೆ ಹಾಲು ಹರಿಯುವ ಒಬ್ಬ ಮನುಷ್ಯ ಇದ್ದನಂತೆ. ಅಂತೆ ಏನು, ಇದ್ದ. ಅವನು ನನ್ನ ಅಪ್ಪ ಜವರಯ್ಯ.

ಆ ಹಾಲನ್ನು ಕಂಡವಳು ನಾನೇ, ಅವನ ಮಗಳು ಬೆಳ್ಳಿ. ಕುಶಾಲನಗರಕ್ಕೆ ಆಗ ಫ್ರೇಜರ್‌ಪೇಟೆ ಎನ್ನುತ್ತಿದ್ದರು. ಅಲ್ಲಿನ ಡಿಸ್ಪೆನ್ಸರಿಯಲ್ಲಿ ಗಾಜಿನ ಟ್ಯೂಬು ತೊಳೆಯುವ ಕೆಲಸ ನನ್ನದು. ಮಡಿಕೇರಿಯಿಂದ ಡಾಕ್ಟರ್ ಪೊನ್ನಮ್ಮ, ಬೆಳಿಗ್ಗೆ ಏನೂ ತಿನ್ನದಿರಲು ಮೊದಲೇ ಹೇಳಿ, ಜೀಪಿನಲ್ಲಿ ನಮ್ಮ ಕಡೆಯವರ ಮನೆಗಳಿಗೆ ಬಂದು ರಕ್ತ ತೆಗೆಯುತ್ತಿದ್ದರು. ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಕೀಲುನೋವಿಗೆ ಲಕ್ಕಿಸೊಪ್ಪಿನ ಕಷಾಯ ಕುಡಿಯುತ್ತಾರೆ. ಅದು ನೋವು ಇಳಿಸುವುದು ನಿಜವೇ, ರಕ್ತದ ಕೊಬ್ಬಿಗೆ, ರಕ್ತದೊಳಗಿನ ತಾಮ್ರಕ್ಕೆ, ಸತುವಿಗೆ ಏನು ಮಾಡುತ್ತದೆ ಎನ್ನುವುದು ಅವರ ಶೋಧ.

"ತಾಮ್ರ ಎಲ್ಲಾ ಮನುಷ್ಯರೊಳಗೆ ಇರ್ತದಾ ಡಾಕ್ಟ್ರಮ್ಮ?" ಎಂದು ಕೇಳಿದ್ದೆ.

"ಚಿಟಿಕೆಗೂ ಸಿಗದಷ್ಟು. ಆದ್ರೆ ಅದಿಲ್ಲದೆ ಬದುಕೋಕಾಗಲ್ಲ ಬೆಳ್ಳಿ."

ಅಂದಿನಿಂದ ಯಾರನ್ನು ಕಂಡರೂ ಅವರೊಳಗೊಂದು ಕೆಂಪು ಹೊಳೆ, ಅದರ ದಡದಲ್ಲಿ ಮಿನುಗುವ ತಾಮ್ರದ ಮರಳು ನನಗೆ ಕಾಣತೊಡಗಿತು. ಹಾಗೆ ಕಾಣುತ್ತ ಕಾಣುತ್ತ ಎಷ್ಟೋ ಟ್ಯೂಬು ಒಡೆದಿದ್ದೇನೆ.

ರಕ್ತವನ್ನು ಟ್ಯೂಬಿನಲ್ಲಿ ಅಲುಗಾಡಿಸದೆ ಇಟ್ಟರೆ ಕೆಂಪು ಗಟ್ಟಿಯಾಗಿ ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೇರೆಯವರದು ಎಳೆ ಹುಲ್ಲಿನ ಬಣ್ಣದ ತಿಳಿ. ಅಪ್ಪನದು ಎರಡು ಸಲವೂ ಬೆಳ್ಳಗೆ, ಮಜ್ಜಿಗೆಯ ಹಾಗೆ. ಡಾಕ್ಟ್ರಮ್ಮನ ಹುಬ್ಬು ಗಂಟಾಯಿತು. "ಹಸಿದ ಹೊಟ್ಟೆಯಲ್ಲೂ ಇಷ್ಟು ಕೊಬ್ಬಾ? ಕಷಾಯದ್ದೇ ಕೆಲಸವೋ ಏನೋ."

ಎರಡನೇ ಸಲ ಅಪ್ಪನ ಮೀಸೆ ನೋಡಿದೆ. ಬೆಣ್ಣೆ! ನಮ್ಮಜ್ಜಿ ಚಲುವಮ್ಮ, ಅಪ್ಪನ ಅವ್ವ, ಸೂಜಿ ಬರುವ ಮೊದಲೇ ಮಗನಿಗೆ ಬೆಣ್ಣೆ ಮೆತ್ತಿದ ರೊಟ್ಟಿ ತಿನ್ನಿಸಿದ್ದಳು. ಎರಡು ಸಲವೂ. ಕೇಳಿದರೆ, "ಹಸಿದವನ ಮೈಯಿಂದ ರಕ್ತ ತೆಗೆದ್ರೆ ಅದರ ಬೆನ್ನಿಗೇ ಜೀವಾನೂ ಹೊರಟುಬಿಡ್ತದೆ ಕಣೇ. ತಡೆಯೋಕೆ ಹೊಟ್ಟೇಲಿ ಏನಾದ್ರೂ ಬೇಡ್ವಾ?" ಅಪ್ಪನೋ, ಅವ್ವ ಕೊಟ್ಟದ್ದನ್ನು ಒಲ್ಲೆ ಅಂದವನಲ್ಲ, ತಿಂದೆ ಅಂತ ಅವಳ ಎದುರು ಬೇರೆಯವರಿಗೆ ಹೇಳಿದವನೂ ಅಲ್ಲ.

ಡಾಕ್ಟ್ರಮ್ಮನಿಗೆ ನಾನೇ ಹೇಳಿದೆ. ಅವರು, "ಮುಂದಿನ ವಾರ ಕೊನೇ ಸಲ ಬರ್ತೀನಿ, ಆಮೇಲೆ ಮದ್ರಾಸಿಗೆ ಹೊರಡಬೇಕು. ಖಾಲಿ ಹೊಟ್ಟೆಯ ರಕ್ತ ನೋಡದೆ ನಿಮ್ಮಪ್ಪನಿಗೆ ಕಷಾಯ ಕುಡೀರಿ ಅಂತ ಹೇಳಲಾರೆ. ನಿಲ್ಲಿಸಬೇಕಾಗ್ತದೆ" ಎಂದರು.

ಕಷಾಯ ನಿಂತರೆ ಅಪ್ಪ ಏಳುವುದಿಲ್ಲ. ಸೊಂಟ ಹಿಡಿದುಕೊಂಡ ವರ್ಷ ಅವನು ಚಾಪೆಯಲ್ಲೇ ಕಳೆದಿದ್ದ. ಲಕ್ಕಿಸೊಪ್ಪು ಕುದಿಸಿ ಕುಡಿಯತೊಡಗಿದ ಮೇಲೇ ಗದ್ದೆಯ ಬದುವಿನವರೆಗೆ ನಡೆದದ್ದು, ನೇಗಿಲು ಮುಟ್ಟಿದ್ದು.

"ಖಾಲಿ ಹೊಟ್ಟೆಯ ರಕ್ತ ನಾನು ಕೊಡಿಸ್ತೀನಿ ಡಾಕ್ಟ್ರಮ್ಮ" ಎಂದುಬಿಟ್ಟೆ.

ಅಜ್ಜಿಯೊಂದಿಗೆ ವಾದ ಮಾಡಿ ಗೆದ್ದವರು ಆ ಊರಲ್ಲಿ ಇರಲಿಲ್ಲ. ಆದರೆ ಅವಳ ಕತೆಗಳಿಗೊಂದು ಕಟ್ಟಳೆ ಇತ್ತು. ಕತೆಯೊಳಗಿನವರು ಹಸಿದಿರುವಾಗ ಕೇಳುವವರು ಬಾಯಿಗೆ ತುತ್ತು ಹಾಕಬಾರದು. ಹಾಕಿದರೆ ಕತೆಯವರು ಅಲ್ಲೇ ಬಿದ್ದು ಸಾಯುತ್ತಾರೆ, ಪಾಪ ನಮಗೆ. ಚಿಕ್ಕವಳಿದ್ದಾಗ ನಾನು ಕತೆ ಕೇಳುತ್ತ ಕಡಲೆ ಜಗಿಯದಿರಲಿ ಅಂತ ಮಾಡಿದ ಕಟ್ಟಳೆಯೋ, ಅವಳ ಅಜ್ಜಿಯಿಂದಲೇ ಬಂದದ್ದೋ. ಅವಳಂತೂ ಒಂದು ಸಲವೂ ಮುರಿದದ್ದಿಲ್ಲ.

ಡಾಕ್ಟ್ರಮ್ಮ ಬರಬೇಕಿದ್ದ ದಿನ ಅಜ್ಜಿ ಒಲೆ ಹೊತ್ತಿಸುವಾಗಲೇ ಎದ್ದು ಅಪ್ಪನ ಪಕ್ಕ ಕೂತು ಶುರು ಮಾಡಿದೆ.

"ಒಬ್ಬಳು ಹುಡುಗಿ ಇದ್ದಳು. ಮೂರು ಹೊತ್ತಿನಿಂದ ಉಪವಾಸ."

ರೊಟ್ಟಿ ತಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. "ಬೆಳಿಗ್ಗೇನೇ ಯಾತರ ಕತೆಯೇ? ಹಗಲು ಹೊತ್ತು ಕತೆ ಹೇಳಿದ್ರೆ ದಾರಿಹೋಕರು ದಾರಿ ತಪ್ತಾರೆ."

"ಇನ್ನೂ ಬೆಳಕಾಗಿಲ್ಲ ಅಜ್ಜಿ. ಅಪ್ಪಾ, ಹೂಂ ಅನ್ನು."

"ಹೂಂ" ಎಂದ ಅಪ್ಪ, ರೊಟ್ಟಿಯ ಕಡೆಗೇ ಕಣ್ಣಿಟ್ಟು.

ಹುಡುಗಿ ಒಂದು ಹರಿಗೋಲು ಹತ್ತಿದಳು. ಹೊಳೆ ಕೆಂಪು. ಅದು ಒಬ್ಬ ರಾಜನ ಮೈಯೊಳಗಿನ ಹೊಳೆ. ಅವನ ಮಂಡಿಯಲ್ಲಿ ನೋವೆಂಬ ಹಕ್ಕಿ ಗೂಡು ಕಟ್ಟಿತ್ತು. ಹರಿಗೋಲು ತಾನೇ ತಾನಾಗಿ ಸುತ್ತುತ್ತ ಸಾಗಿತು. ಎಡದಂಡೆಯಲ್ಲಿ ತಾಮ್ರದ ಮರಳು, ಬಲದಂಡೆಯಲ್ಲಿ ಸತುವಿನ ಬೂದು ಮರಳು, ಮೇಲೆ ಆಕಾಶ ಇರುವಲ್ಲಿ ಗುಡುಗಿನಂತೆ ಬಡಿಯುವ ಒಂದು ದೊಡ್ಡ ನಗಾರಿ. ಹುಡುಗಿ ದಡದ ಹಣ್ಣಿಗೆ ಕೈ ಚಾಚಿದಳು, ಅದು ಹಣ್ಣಲ್ಲ, ತುಕ್ಕು ಹಿಡಿದ ಕಬ್ಬಿಣದ ಗುಂಡು.

"ಅಯ್ಯೋ, ಆ ಕೂಸಿಗೆ ಒಂದು ನೆಲ್ಲಿಕಾಯಾದ್ರೂ ಸಿಗಬಾರದಾ?" ಅಜ್ಜಿ ಗೋಗರೆದಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಸಿಕ್ತು ಅಜ್ಜಿ. ಕಾಗೆ ಎತ್ತಿಕೊಂಡು ಹೋಯ್ತು."

"ನಿನ್ನ ಬಾಯಿಗೆ ಕಾಗೆ ಕುಕ್ಕ! ಹೆತ್ತವ್ವನ ಮುಂದೆ ಮಗನ್ನ ಉಪವಾಸ ಕೆಡವೋಕೆ ಕತೆ ಕಟ್ತಿದ್ದೀಯ, ನಂಗೊತ್ತಿಲ್ವಾ?"

ಗೊತ್ತಿತ್ತು. ಆದರೂ ಅವಳ ಕೈ ರೊಟ್ಟಿಯ ತಟ್ಟೆಯನ್ನು ಮುಂದೆ ತಳ್ಳಲಿಲ್ಲ. ಅಂಗಳಕ್ಕೆ ಬಿಸಿಲು ಬಂತು. ಜೀಪು ಬರಲಿಲ್ಲ.

"ನೋಡು, ದಾರಿ ತಪ್ಪಿದ್ದಾಳೆ ನಿನ್ನ ಡಾಕ್ಟ್ರಮ್ಮ" ಎಂದಳು ಅಜ್ಜಿ.

ನಾನು ಹರಿಗೋಲನ್ನು ಸುತ್ತಿಸಿ ಸುತ್ತಿಸಿ ಒಂದು ಮಂಜಿಗೆ ತಂದು ನಿಲ್ಲಿಸಿದೆ. ಹಾಲಿನಂಥ ಮಂಜು, ದಡವಿಲ್ಲ, ಹೊಳೆಯಿಲ್ಲ. ಅದರಾಚೆ ಏನಿದೆ ಅಂತ ನನಗೇ ಕಾಣಲಿಲ್ಲ. ಮಾತು ನಿಂತಿತು. ಅಪ್ಪನ "ಹೂಂ" ಗಾಳಿಯಲ್ಲಿ ಒಂಟಿಯಾಯಿತು.

ಅಜ್ಜಿ ತಟ್ಟೆ ಎತ್ತಿಕೊಂಡಳು. "ಮುಂದೆ ನಾನು ಹೇಳ್ತೀನಿ. ಮಂಜಿನಾಚೆ ಒಂದು ಮನೆ, ಮನೇಲಿ ಒಬ್ಬ ಮುದುಕಿ, ಮುದುಕಿ ಕೈಯಲ್ಲಿ ರೊಟ್ಟಿ..."

"ಅವ್ವಾ" ಎಂದ ಅಪ್ಪ. ಅಷ್ಟು ಹೊತ್ತಿನಲ್ಲಿ ಹೂಂ ಬಿಟ್ಟು ಅವನಾಡಿದ ಮೊದಲ ಮಾತು. "ಕಷಾಯ ನಿಂತ್ರೆ ನಾನು ಮತ್ತೆ ಆ ಚಾಪೇಲಿ ಬೀಳ್ತೀನಿ. ನೀನು ಎಷ್ಟು ಉಣ್ಣಿಸಿದ್ರೂ ಆಗ ಎದ್ದು ಕೂರೋಕಾಗ್ಲಿಲ್ಲ ನಂಗೆ. ಮಗ್ಗುಲು ತಿರುಗಿಸ್ತಿದ್ದವಳೂ ನೀನೇ. ಇದೊಂದು ಸಲ ಹಸಿದಿರ್ತೀನಿ ಬಿಡು."

ಅಜ್ಜಿ ಮಗನ ಮುಖವನ್ನೇ ನೋಡಿದಳು. ರೊಟ್ಟಿ ಅವಳ ಮಡಿಲಲ್ಲಿ ತಣ್ಣಗಾಗುತ್ತಿತ್ತು. ಆಮೇಲೆ ತಟ್ಟೆಯನ್ನು ಒಲೆಯ ಹಿಂದಕ್ಕೆ ಸರಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ಶುರು ಮಾಡಿದಳು.

"ಮುದುಕಿ ರೊಟ್ಟಿ ತೋರಿಸಿದ್ಲು. ಹುಡುಗಿ ಬೇಡ ಅಂದ್ಲು. ಯಾಕೆ ಅಂದ್ರೆ, ನಾನು ಉಂಡ್ರೆ ಈ ಮಂಜು ಎಂದೂ ಕರಗಲ್ಲ ಅಜ್ಜಿ ಅಂದ್ಲು. ಮುದುಕಿ ಹೊಟ್ಟೆಗೆ ಬೆಂಕಿ ಬಿತ್ತು. ಬಿದ್ರೂ ಕೈ ಹಿಂದಕ್ಕೆ ತಗೊಂಡ್ಲು..."

ಬಿಸಿಲಲ್ಲಿ ಅಜ್ಜಿ ಕತೆ ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳ ದನಿಯಲ್ಲಿ ಗೋಡೆಗಳು ದೂರ ಸರಿದವು, ಅಪ್ಪನ ಹೂಂ ಹರಿಗೋಲಿಗೆ ಬಡಿಯುವ ಅಲೆಯಾಯಿತು, ನಾನು ನಿದ್ದೆಯಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ತಿಳಿಯದಾಯಿತು.

ಜೀಪಿನ ಸದ್ದು ಕೇಳಿದಾಗ ಬಿಸಿಲು ಜಗಲಿ ಹತ್ತಿತ್ತು. "ಯಾವ ತಿರುವಿನಲ್ಲಿ ತಿರುಗಿದ್ರೂ ನಮ್ಮ ಬೋಜಪ್ಪ ವಾಪಸು ಅದೇ ಭತ್ತದ ಕಣಕ್ಕೇ ತಂದು ನಿಲ್ಲಿಸ್ತಿದ್ದ" ಎಂದು ಡ್ರೈವರನ್ನು ಬೈಯುತ್ತ ಡಾಕ್ಟ್ರಮ್ಮ ಇಳಿದರು. ಅಜ್ಜಿ ನನ್ನ ಕಡೆ ತಿರುಗಿ ಕಣ್ಣು ಅಗಲಿಸಿದಳು.

"ಏನಾದ್ರೂ ತಿಂದ್ರಾ ಜವರಯ್ಯ?"

ಉತ್ತರ ಕೊಟ್ಟದ್ದು ಅಜ್ಜಿ. "ನೀರು ಬಿಟ್ರೆ ಏನೂ ಇಲ್ಲ ಕಣವ್ವ. ನನ್ನಾಣೆ."

ಸೂಜಿ ಇಳಿಯಿತು. ಅಜ್ಜಿ ಮಗನ ಇನ್ನೊಂದು ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಹೊರಟುಬಿಡುವವನನ್ನು ಹಿಡಿಯುವ ಹಾಗೆ. ಸೂಜಿ ಹೊರಗೆ ಬಂದದ್ದೇ ತಡ, ಒಂದೇ ಉಸಿರಿಗೆ, "ಹುಡುಗಿ ಹೊಟ್ಟೆ ತುಂಬ ಉಂಡ್ಲು, ಕತೆ ಮುಗೀತು, ಬಾಯಿ ತೆಗಿಯೋ" ಎಂದು ತಣ್ಣನೆ ರೊಟ್ಟಿಯನ್ನು ಅಪ್ಪನ ಬಾಯಿಗೆ ತುರುಕಿದಳು. ಡಾಕ್ಟ್ರಮ್ಮ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡರು.

ಟ್ಯೂಬನ್ನು ಜಗಲಿಯ ನೆರಳಿನಲ್ಲಿ ನಿಲ್ಲಿಸಿ ನಾವು ಸುತ್ತ ಕೂತೆವು. ಕೆಂಪು ಮೆಲ್ಲಗೆ ಕುಗ್ಗಿ ತಳಕ್ಕಿಳಿಯಿತು. ಅದರ ಮೇಲೆ ತಿಳಿ ಏರಿತು, ಮುಂಜಾನೆಯ ಗದ್ದೆನೀರಿನ ಹಾಗೆ ಎಳೆ ಹಳದಿ. ಡಾಕ್ಟ್ರಮ್ಮ ಅದನ್ನು ಬೆಳಕಿಗೆ ಹಿಡಿದರು. ಟ್ಯೂಬಿನ ಆಚೆ ಅಜ್ಜಿಯ ಮುಖ ಕಾಣುತ್ತಿತ್ತು.

"ಎಷ್ಟು ಕೊಬ್ಬು, ಎಷ್ಟು ತಾಮ್ರ ಅಂತ ಮದ್ರಾಸಿನಲ್ಲೇ ಅಳೀಬೇಕು" ಎಂದರು. "ಕಷಾಯ ನಿಲ್ಲಿಸೋಕೆ ಮಾತ್ರ ನನಗೇನೂ ಕಾರಣ ಕಾಣ್ತಾ ಇಲ್ಲ. ಕುಡೀರಿ."

ಅಪ್ಪ ರೊಟ್ಟಿ ನುಂಗಿದ. ನಾನು ತಿಳಿಯನ್ನು ಇನ್ನೊಂದು ಟ್ಯೂಬಿಗೆ ಹನಿ ಚೆಲ್ಲದಂತೆ ಬಗ್ಗಿಸಿ, ಬಿರಡೆ ಒತ್ತಿ ಡಾಕ್ಟ್ರಮ್ಮನ ಕೈಗೆ ಕೊಟ್ಟೆ.