ವಾಣಿಶ್ರೀ ಬಂದದ

ನಿಂಬೆಹಣ್ಣಿನ ವಾಸನೆ, ನಿಂಬೆಹಣ್ಣೇ ಇಲ್ಲದ ನಿಂಬೆಹಣ್ಣಿನ ವಾಸನೆ, ಹಸಿರು ಬಾಟಲಿಯಿಂದ ಒಂದು ಹನಿ ಬಿದ್ದರೆ ಸಾಕು ಸಿಂಕಿನ ತುಂಬ ನೊರೆ, ಕೈಗೆ ಏನೂ ತಾಗುವುದಿಲ್ಲ, ಚರಿಗೆ ಜಾರುತ್ತದೆ, ತಿಕ್ಕಿದ ಹಾಗೇ ಅನಿಸುವುದಿಲ್ಲ — ಅಷ್ಟರಲ್ಲಿ ಒಳಕೋಣೆಯಿಂದ ಮತ್ತೆ, ವಾಣಿಶ್ರೀ. ಅತ್ತೆ ಸುಗಲಾಬಾಯಿಯ ದನಿ, ಲಕ್ವಾ ಹೊಡೆದ ಮೇಲೆ ಅರ್ಧ ಬಾಯಿಯಿಂದ ಸೋರುವ ದನಿ, ನೀರು ಅನ್ನುವುದು ಹೋಯಿತು, ಶಿವಾ ಅನ್ನುವುದು ಹೋಯಿತು, ಹೆತ್ತ ಮಗ ಸಂಗುವಿನ ಹೆಸರೂ ಹೋಯಿತು, ಇವತ್ತು ಬೆಳಿಗ್ಗೆ ಎದ್ದವಳೇ ಇದೊಂದನ್ನು ಹಿಡಿದಿದ್ದಾಳೆ, ಬಲಗೈ ಹೆಬ್ಬೆರಳು ಚಾದರದ ಮೇಲೆ ಸುತ್ತುತ್ತಿರುತ್ತದೆ, ಬಾಯಿ ವಾಣಿಶ್ರೀ ಅನ್ನುತ್ತಿರುತ್ತದೆ. ಗಂಡ ಕುಣಿದಾಡಿಬಿಟ್ಟ, ನೋಡು, ಅವ್ವ ನಿನ್ನ ಹೆಸರು ಹಿಡದು ಕರಿಯಾಕತ್ಯಾಳ, ಅಂತ ಜಹೀರಾಬಾದಿನ ಅರ್ಧ ಊರಿಗೆ ಫೋನು ಮಾಡಿ ಹೇಳಿದ. ಕುಣಿಯಲಿ, ಅವನಿಗೇನು, ಕರೆಯುತ್ತಿರುವುದು ಸೊಸೆಯನ್ನೋ ಅದೇ ಹೆಸರಿನ ಭಾಂಡೆ ತಿಕ್ಕುವ ಪುಡಿಯನ್ನೋ ಅಂತ ಅವನು ಯೋಚಿಸಬೇಕಿಲ್ಲ. ಈ ಮನೆಗೆ ಮೊದಲು ಬಂದದ್ದು ಪುಡಿ, ಆಮೇಲೆ ಬಂದದ್ದು ತಾನು. ಅಪ್ಪ ಶಾಂತಪ್ಪ, ತಾಂಡೂರಿನಲ್ಲಿ ಬಂಡೆ ಪಾಲಿಶ್ ಮಾಡುವ ಮಿಷಿನ್ನಿನ ಕೆಳಗೆ ಹರಿಯುವ ಬೂದು ಕೆಸರು ನೋಡಿ ನೋಡಿ, ಸುಮ್ಮನ ಮೋರಿಗಿ ಹೊಂಟದಲ್ಲ ಇದು, ಅಂತ ಅದನ್ನು ಬಿಸಿಲಿಗೆ ಒಣಗಿಸಿ, ಅರಿವೆಯಲ್ಲಿ ಸೋಸಿ, ಸೋಡಾ ಕಲಸಿ ಪಾಕೀಟು ಕಟ್ಟಿದ, ಮೇಲೆ ಮಗಳ ಫೋಟೊ, ಮುಂದಿನ ಹಲ್ಲು ಬಿದ್ದ ಬಾಯಿ, ಕೈಯಲ್ಲಿ ಫಳಫಳ ಚರಿಗೆ, ಕನ್ನಡ ತೆಲುಗು ಉರ್ದು ಮೂರರಲ್ಲೂ ವಾಣಿಶ್ರೀ. ನಾರಾಯಣಖೇಡದ ಸಂತೆಗೆ ಬಸ್ಸಿನ ಮೇಲೆ ಹೋಗುತ್ತಿತ್ತು, ಮನೂರಿನ ಹಳ್ಳಿಗಳಿಗೆ ಆಟೊದಲ್ಲಿ, ವಾಣಿಶ್ರೀ ಹಚ್ಚಿ ತಿಕ್ಕು, ವಾಣಿಶ್ರೀ ತೋಯ್ದದ, ವಾಣಿಶ್ರೀ ಖಾಲಿ ಆಗ್ಯಾದ — ಸಾಲೆಯ ಹುಡುಗಿಯರು ಇದನ್ನೇ ರಾಗ ತೆಗೆದು ಕಾಡುತ್ತಿದ್ದರು, ಆಗ ಅಳು ಬರುತ್ತಿತ್ತು, ಈಗ ನಗುವೂ ಬರುವುದಿಲ್ಲ.

ಪಾಕೀಟು ನೋಡಿ ಹೆಣ್ಣು ಕೇಳಲು ಬಂದವಳು ಅತ್ತೆ, ಲೋಕದಲ್ಲಿ ಇನ್ನಾರಾದರೂ ಹೀಗೆ ಮಾಡಿದ್ದಾರೆಯೇ, ತಾಂಡೂರಿನ ಪಡಸಾಲೆಯಲ್ಲಿ ಕೂತು ಹುಡುಗಿಯ ಗದ್ದ ಎತ್ತಿ, ಹಲ್ಲ್ ಬಂದಾವಲ್ಲ, ಚೊಲೊ ಆತು, ಅಂದಳು, ಎಲ್ಲರೂ ನಕ್ಕರು, ಅತ್ತೆ ಎಲ್ಲರಿಗಿಂತ ಹೆಚ್ಚು, ಬಾಯಿ ತುಂಬ. ಹೊಸ್ತಿಲು ದಾಟಿಸಿಕೊಂಡ ದಿನವೇ, ಭಾಂಡೆ ತಿಕ್ಕೋ ಪುಡಿ ಹೆಸರಿಲೆ ಸೊಸೀಗಿ ಹ್ಯಾಂಗ ಕರೀಲವ್ವಾ, ಮಂದಿ ನಗ್ತಾರ, ಅಂದವಳು ಮತ್ತೆ ಕರೆಯಲೇ ಇಲ್ಲ, ಏ ಇಕಿ, ಸಂಗೂನ ಹೇಣ್ತಿ, ಮಗ ಹುಟ್ಟಿದ ಮೇಲೆ ಗುರುಬಸವನ ಅವ್ವ. ಕೆಟ್ಟವಳಲ್ಲ, ಬಾಣಂತನದಲ್ಲಿ ತಾನೇ ಎಣ್ಣೆ ತಿಕ್ಕಿ ಎರೆದಳು, ಸೀರೆ ತಂದರೆ ಮೊದಲ ಆಯ್ಕೆ ಇವಳಿಗೇ, ಹೆಸರೊಂದು ಮಾತ್ರ ಬಚ್ಚಲಿನ ಗೂಡಿನಲ್ಲಿ ಉಳಿಯಿತು, ದಾರದಿಂದ ಕೊಯ್ದ ಹಳದಿ ಸಾಬಾಣ, ಅರಿವೆಯ ಗಂಟಿನೊಳಗೆ ನೀಲಿಯ ಗಟ್ಟಿ, ಅವುಗಳ ಮಗ್ಗುಲಿಗೆ ವಾಣಿಶ್ರೀ. ಆ ಸಾಬಾಣ ಈಗ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ, ನೀಲಿ ಕರಗಿ ಬಾಟಲಿ ಸೇರಿತು, ಹಸಿರು ನಾರಿನ ತುಂಡಿನ ಜೊತೆ ಭಾಂಡೆ ತಿಕ್ಕುವ ಬಿಲ್ಲೆ ಬಂತು, ಅಪ್ಪನ ಪುಡಿ ನಿಂತಿತು. ಅಪ್ಪ ಫೋನಿನಲ್ಲಿ, ವಾಣಿಶ್ರೀ ಬಂದದ ಪಾ, ಅಂದ, ಬಂದ್ ಅದ ಅಂತ ಅವನ ಲೆಕ್ಕ, ಹೆಂಡತಿ ತವರಿಗೆ ಹೋಗಿಬಿಟ್ಟಳು ಅಂತ ತಿಳಿದ ಸಂಗು ಗಾಬರಿಯಾಗಿ, ಯಾವಾಗ ಬಂತ್ರಿ ಮಾವಾ, ಈಗರೆ ಇಲ್ಲೇ ಇತ್ತಲ್ಲ, ಅಂತ ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು, ಮನೆಯೆಲ್ಲ ನಕ್ಕಿತು, ಆ ಕಡೆ ಅಪ್ಪ ನಗಲಿಲ್ಲ. ಅವಳಿಗೆ ಒಳಗೊಳಗೇ ಒಂದು ಆಸೆ, ಪುಡಿ ಹೋಯಿತಲ್ಲ, ಇನ್ನು ಹೆಸರು ತನ್ನೊಬ್ಬಳದೇ, ಅತ್ತೆ ಈಗಲಾದರೂ — ಎಲ್ಲಿ, ಚರಿಗೆ ಮಬ್ಬಾದಾಗೆಲ್ಲ, ವಾಣಿಶ್ರೀ ಇದ್ದಿದ್ರ ಹಿಂಗಾಗ್ತಿರಲಿಲ್ಲ, ಅಂತ ವಾಣಿಶ್ರೀಯ ಎದುರಿಗೇ ನಿಟ್ಟುಸಿರು ಬಿಡುತ್ತಿದ್ದಳು. ನೋವಾಯಿತು, ಇಲ್ಲ ಅನ್ನುವುದೇಕೆ.

ವಾಣಿಶ್ರೀ. ನಲ್ಲಿ ತಿರುಗಿಸಿ ಹೋದಳು, ಕೈ ಒರೆಸಿಕೊಳ್ಳಲಿಲ್ಲ, ಕೋಣೆಯಲ್ಲಿ ಅದೇ ಹೆಬ್ಬೆರಳು, ಚಾದರದ ಮೇಲೆ ಸುತ್ತುತ್ತಿದೆ, ಸುತ್ತುತ್ತಿದೆ, ಚರಿಗೆಯ ಕುತ್ತಿಗೆಗೆ ಪುಡಿ ಹಚ್ಚಿ ತಿಕ್ಕುವಾಗ ಸುತ್ತುವ ಹಾಗೆ, ಅಂದರೆ ಪುಡಿಯೇ ಬೇಕಾಗಿದೆ, ಮತ್ತೇನು. ಹೇಳಿಬಿಡಬೇಕು, ಅದು ಈಗ ಸಿಗಂಗಿಲ್ರಿ ಅತ್ತಿ. ಹೇಳಿದರೆ ಕರೆಯುವುದೂ ನಿಂತೀತು, ಉಳಿದಿರುವ ಒಂದು ಮಾತೂ ಹೋದೀತು, ಬೆಳಿಗ್ಗೆಯಿಂದ ಎಷ್ಟು ಸಲ ಕಿವಿಗೆ ಬಿತ್ತು, ಇಷ್ಟು ವರ್ಷ ಕರೆಯಾಗಿ ಬೀಳದ್ದು, ಪುಡಿಯದಾದರೆ ಆಗಲಿ, ಸದ್ದು ತನ್ನದೇ ಅಲ್ಲವೇ. ಅತ್ತೆಯ ಕಣ್ಣು ಅವಳ ಮುಖಕ್ಕೆ ಬಂತು, ನಿಂತಿತು, ವಾಣಿಶ್ರೀ ಎಲ್ಲದ, ಅಂದಳು, ಎಲ್ಲಿದೆ ಅಂತ, ಒಂದು ಮಾತು ಹೆಚ್ಚು, ಆದರೂ ಏನು ತಿಳಿಯಿತು, ಈ ಕಡೆಯ ಮಾತಿನಲ್ಲಿ ಪುಡಿಗೂ ಎಲ್ಲದ, ಮನೆಯ ಸೊಸೆಗೂ ಎಲ್ಲದ. ಯಾವುದು ಬೇಕ್ರಿ ನಿಮಗ ಅಂತ ಕೇಳುವ ಬದಲು ಒದ್ದೆ ಕೈಯನ್ನು ಚಾದರದ ಮೇಲೆ ಚಾಚಿದಳು, ಹೆಬ್ಬೆರಳು ಚಾದರ ಬಿಟ್ಟು ಅಂಗೈಗೆ ಹತ್ತಿತು, ಒರಟು, ಬೆಚ್ಚಗೆ, ಬಂದ್ ಅದ ಅನ್ನಬೇಕೆಂದೇ ಬಾಯಿ ತೆರೆದಳು, ಬಂದದರಿ ಅತ್ತಿ, ಅಂದಳು, ವಾಣಿಶ್ರೀ ಬಂದದ — ಹಾಗೆಂದರೆ ಯಾವುದು, ತಾನು ಹೇಳಿದ್ದು ಯಾವುದು — ಅತ್ತೆಯ ಅರ್ಧ ಬಾಯಿ ಅಗಲವಾಯಿತು, ಹಲ್ಲ್ ಬಂದಾವಲ್ಲ ಅಂದ ದಿನದ ಬಾಯಿ, ಅರ್ಧದಷ್ಟು, ಹೆಬ್ಬೆರಳು ನಿಲ್ಲಲಿಲ್ಲ, ತಿಕ್ಕುತ್ತಿದೆಯೋ, ಸವರುತ್ತಿದೆಯೋ, ಅಂಗೈಯ ನಡುವೆ ಹೆಬ್ಬೆರಳು, ಸುತ್ತುತ್ತಿದೆ, ಹೆಬ್ಬೆರಳು —